ಷಡ್ಡಕನ ಕಾರು, ನನ್ನ ಕಪ್ ಹೋಲ್ಡರು

ನಾನು ಕಾರಿನ ಕಪ್ ಹೋಲ್ಡರ್ ಮಾಡುವವನು. ಹೀಗೆಂದರೆ ಜನ ಮುಂದಿನ ಮಾತಿಗೆ ಕಾಯುತ್ತಾರೆ, ಇನ್ನೂ ಏನೋ ಇದ್ದೀತು ಎಂದು. ಇನ್ನೇನೂ ಇಲ್ಲ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಕಾವಾಸಾಕಿಯ ಒಂದು ಕಂಪನಿಗೆ ಬಂದು ಸೇರಿದವನು ಅಲ್ಲೇ ಬೇರು ಬಿಟ್ಟೆ. ದೊಡ್ಡ ಕಾರು ಕಂಪನಿಗಳಿಗೆ ಕಾರಿನ ಒಳಭಾಗದ ಪ್ಲಾಸ್ಟಿಕ್ ಸಾಮಾನು ಮಾಡಿಕೊಡುವ ಕಂಪನಿ ನಮ್ಮದು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಸೀಟುಗಳ ನಡುವೆ ಕಾಫಿ ಲೋಟ ಇಡುವ ಆ ದುಂಡನೆಯ ಗುಳಿ.

ಗುಳಿಯೆಂದು ಮೂಗು ಮುರಿಯಬೇಡಿ. ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಗಳೆಲ್ಲದರ ಕಾಗದದ ಕಪ್ಪು, ಚಹಾದ ಬಾಟಲಿ, ಸೂಪಿನ ಡಬ್ಬಿ, ಮಕ್ಕಳ ಫ್ಲಾಸ್ಕು, ಎಲ್ಲವೂ ಆ ಒಂದೇ ಗುಳಿಯಲ್ಲಿ ಅಲುಗದೆ ಕೂರಬೇಕು. ಒಮ್ಮೆ ನಾನು ಮನೆಯಿಂದ ಸ್ಟೀಲಿನ ಕಾಫಿ ಲೋಟವನ್ನೇ ಒಯ್ದು ಪರೀಕ್ಷೆಗೆ ಇಟ್ಟಿದ್ದೆ. ಲೋಟದ ತುಂಬ ನೀರು ತುಂಬಿ, ಕಾರನ್ನು ತಿರುವಿನಲ್ಲಿ ಓಡಿಸಿ, ಕೆಳಗೆ ಹಾಸಿದ ಕಾಗದ ಒದ್ದೆಯಾಯಿತೇ ಎಂದು ನೋಡುವುದು ನಮ್ಮ ಕೆಲಸ. ನಮ್ಮ ವಿಭಾಗದ ಮುಖ್ಯಸ್ಥರು ನಾನು ಸೇರಿದ ಹೊಸದರಲ್ಲೇ ಒಂದು ಮಾತು ಹೇಳಿದ್ದರು: ಗಿರಾಕಿಯ ಕಣ್ಣಿಗೆ ಕಪ್ ಹೋಲ್ಡರ್ ಬಿತ್ತು ಎಂದರೆ ನಾವು ಸೋತೆವು ಎಂದರ್ಥ. ಆ ಮಾತನ್ನು ನಾನು ಗುರೂಪದೇಶದಂತೆ ಪಾಲಿಸಿಕೊಂಡು ಬಂದೆ. ಅದರ ಫಲ ಮನೆಯಲ್ಲಿ ಉಂಡೆ.

ನನಗೆ ಒಂದು ಕಾರಿನ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ಕಾರು ಹೋಗಿದೆ, ಕಿಚ್ಚು ಆರಿಲ್ಲ. ಆ ಕಾರು ನನ್ನ ಷಡ್ಡಕನದು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನದು.

ಅದು ಅವನ ಪಾಲಿಗೆ ಸೇರಿದ್ದೂ ನನ್ನ ಬಾಯಿಂದಲೇ. ಭೂಕಂಪವಾದ 2011ರ ಆ ಮಾರ್ಚಿನಲ್ಲಿ ಕರೆಂಟು ಸರದಿಯ ಮೇಲೆ ಹೋಗಿ ಬರುತ್ತಿತ್ತು, ಪೆಟ್ರೋಲ್ ಬಂಕಿನ ಮುಂದೆ ಕಾರುಗಳ ಸಾಲು ಬೀದಿ ದಾಟಿ ನಿಂತಿತ್ತು. ನಾನು ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಮೈಸೂರಿಗೆ ಕಳಿಸಿದೆ. ನಮ್ಮ ಆಫೀಸಿಗೆ ಬಂದು ಹೋಗುತ್ತಿದ್ದ ಯುರೋಪಿನ ಮ್ಯಾನೇಜರ್ ಒಬ್ಬ ಗಂಟುಮೂಟೆ ಕಟ್ಟಿ ಊರಿಗೆ ಹೊರಟ. ಅವನ ಹತ್ತಿರ ಸ್ವೀಡನ್ನಿನ ಒಂದು ಕಾರಿತ್ತು. ಯಾರಾದರೂ ಒಯ್ದರೆ ಸಾಕು ಎನ್ನುವಂತಿದ್ದ. ಒಬ್ಬನೇ ಮನೆಯಲ್ಲಿ ಕೂತು ಬೇಸತ್ತಿದ್ದ ನಾನು ಜಪಾನಿನಲ್ಲೇ, ಓಜಿಮಾದಲ್ಲಿದ್ದ ಷಡ್ಡಕನಿಗೆ ಫೋನಿನಲ್ಲಿ ಅದನ್ನೇ ತಮಾಷೆಯಾಗಿ ಹೇಳಿದೆ. ಎಡಗಡೆ ಸ್ಟೀರಿಂಗು, ಗೇರು ಹಾಕುವ ಕಾರು, ಕಂಪನಿಯೇ ಮುಳುಗುತ್ತಿದೆ, ಯಾವನಾದರೂ ಹುಚ್ಚ ತಗೋಬೇಕು ಅಷ್ಟೆ, ಎಂದೆ.

“ಭಾವ, ಆ ಕಾರು ಎಲ್ಲಿದೆ ಅಂದ್ರಿ?” ಎಂದ.

ಅವನು ಸಾಫ್ಟ್‌ವೇರಿನವನು. ನಟ್ಟು ಯಾವುದು ಬೋಲ್ಟು ಯಾವುದು ಎಂದು ಕೇಳಿದರೆ ಎರಡನ್ನೂ ಮೇಜಿನ ಮೇಲಿಟ್ಟು ಗೂಗಲ್ ಮಾಡುವ ಜಾತಿ. ಕಾರಿನ ಕಸುಬಿನವನಾದ ನಾನು ಕಾವಾಸಾಕಿಯಲ್ಲಿ ರೈಲಿಗೆ ಜೋತು ಬಿದ್ದು ಓಡಾಡುತ್ತಿದ್ದೆ. ಜಪಾನಿನಲ್ಲಿ ನಿಲ್ಲಿಸಲು ಜಾಗ ತೋರಿಸದೆ ಕಾರು ನಿಮ್ಮ ಹೆಸರಿಗೆ ಆಗುವುದಿಲ್ಲ. ನಮ್ಮ ಕಟ್ಟಡದಲ್ಲಿ ಆ ಜಾಗಕ್ಕೆ ಸರದಿ ಹಚ್ಚಿ ನಾನು ಕಾಯುತ್ತಲೇ ಇದ್ದೆ. ಅವನ ಓಜಿಮಾದ ವಸತಿ ಸಮುಚ್ಚಯದಲ್ಲಿ ಜಾಗ ಖಾಲಿ ಬಿದ್ದಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು.

ಆ ಸ್ವೀಡನ್ ಕಂಪನಿಯ ಕತೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮೊದಲು ಯುದ್ಧವಿಮಾನ ಮಾಡುತ್ತಿದ್ದವರು, ಯುದ್ಧ ಮುಗಿದ ಮೇಲೆ ಕಾರಿಗೆ ಕೈ ಹಾಕಿದರು. ಕಾರು ಮಾಡಿ ಅಭ್ಯಾಸವಿಲ್ಲದವರು ಮಾಡಿದ್ದರಿಂದಲೇ ಅದು ಬೇರೆ ಯಾರ ಕಾರಿನಂತೆಯೂ ಇರಲಿಲ್ಲ. ಬೀಗದ ಕೈ ಹಾಕುವ ತೂತು ಸ್ಟೀರಿಂಗಿನ ಹತ್ತಿರವಲ್ಲ, ಎರಡು ಸೀಟುಗಳ ನಡುವೆ ಕೆಳಗಿತ್ತು. ಗೇರನ್ನು ರಿವರ್ಸಿಗೆ ಹಾಕದಿದ್ದರೆ ಕೀ ಹೊರಗೇ ಬರುತ್ತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿ ವೇಗ ತೋರಿಸುವ ಮುಳ್ಳೊಂದೇ ಬೆಳಗುತ್ತಿತ್ತು, ವಿಮಾನದವರ ಬುದ್ಧಿ. ಪ್ರೊಫೆಸರುಗಳು, ಆರ್ಕಿಟೆಕ್ಟುಗಳು, ಹಲ್ಲಿನ ಡಾಕ್ಟರುಗಳು ಅದಕ್ಕೆ ಮರುಳಾದರು. ಜಪಾನಿನಲ್ಲೂ ಅಂಥವರಿದ್ದರು. ಮುಂದೆ ಅಮೆರಿಕದ ದೊಡ್ಡ ಕಂಪನಿಯೊಂದು ಅದನ್ನು ಕೊಂಡು, ತನ್ನ ಬೇರೆ ಕಾರುಗಳ ಅಂಗಾಂಗ ತಂದು ಇದಕ್ಕೆ ಜೋಡಿಸಿತು. ಹುಚ್ಚುತನ ಕಡಿಮೆಯಾದಂತೆ ಹುಚ್ಚರೂ ಕಡಿಮೆಯಾದರು. ಆ ಅಮೆರಿಕದವರೂ ಕೈಬಿಟ್ಟ ಮೇಲೆ ಕಂಪನಿ ಇಂದೋ ನಾಳೆಯೋ ಎನ್ನುವಂತಿತ್ತು.

ಮಳೆಗಾಲದ ಹೊತ್ತಿಗೆ ಹೆಂಡತಿ ಮಗಳು ಮೈಸೂರಿನಿಂದ ವಾಪಸಾದರು. ಷಡ್ಡಕ ವಿಮಾನ ನಿಲ್ದಾಣಕ್ಕೆ ಕಾರು ತಂದಿದ್ದ. ನಾನು ಮಗಳಿಗಾಗಿ ಅವಳಿಗಿಷ್ಟವಾದ ಪೀಚ್ ಜ್ಯೂಸಿನ ಡಬ್ಬಿ ಹಿಡಿದು ನಿಂತಿದ್ದೆ. ಅವಳು ಡಬ್ಬಿ ಇಸಿದುಕೊಂಡು, ನನ್ನನ್ನು ಒಮ್ಮೆ ತಬ್ಬಿಕೊಂಡು, ನೇರ ಹೋಗಿ ಕಾರಿನ ಮುಂದಿನ ಬಲಗಡೆ ಸೀಟಿನಲ್ಲಿ ಕೂತಳು. ಅವತ್ತಿನಿಂದ ನಾನು ಯಾವತ್ತೂ ಮುಂದೆ ಕೂರಲಿಲ್ಲ.

ಏಕೆಂದರೆ ಆ ಸೀಟಿಗೆ ಒಂದು ಕೆಲಸವಿತ್ತು. ಜಪಾನಿನಲ್ಲೂ ನಮ್ಮ ಹಾಗೆಯೇ ಬಲಗಡೆ ಸ್ಟೀರಿಂಗು, ಆದ್ದರಿಂದ ಪಾರ್ಕಿಂಗಿನ ಚೀಟಿ ಕೊಡುವ ಯಂತ್ರವೂ ಬಲಗಡೆಯೇ. ಎಡಗಡೆ ಕೂತು ಓಡಿಸುವವನಿಗೆ ಅದು ಎಟುಕುವುದಿಲ್ಲ. ಬಲಗಡೆ ಕೂತವರು ಕಿಟಕಿಯಿಂದ ಕೈಚಾಚಿ ಚೀಟಿ ಕೀಳಬೇಕು. ನಾದಿನಿಗೆ ಮುಂದೆ ಕೂತರೆ ತಲೆ ಸುತ್ತು, ಅವಳು ಹಿಂದೆ ಮಲಗಿಬಿಡುವವಳು. ಹಾಗಾಗಿ ನನ್ನ ಮಗಳು ಚಿಕ್ಕಪ್ಪನ ಅಸಿಸ್ಟೆಂಟ್ ಆದಳು. ಚೀಟಿ ಕಿತ್ತು, “ಹಾಯ್, ದೋಜೋ,” ಇಗೋ ತಗೊಳ್ಳಿ, ಎಂದು ಜಪಾನಿಯಲ್ಲಿ ಮರ್ಯಾದೆಯಿಂದ ಅವನಿಗೆ ಕೊಡುವಳು. ಅವನು, “ಅರಿಗಾತೋ ಗೊಜಾಯಿಮಾಸ್, ಅಸಿಸ್ಟೆಂಟ್ ಸಾನ್,” ಎಂದು ಥ್ಯಾಂಕ್ಸ್ ಹೇಳುವನು. ಭಾನುವಾರ ಬಂತೆಂದರೆ ಅವಳು ಬೆಳಿಗ್ಗೆಯೇ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದಳು. ನನ್ನ ಜೊತೆ ಪಾರ್ಕಿಗೆ ಹೋಗಲು ಅವಳು ಹಾಗೆ ಕೂತದ್ದನ್ನು ನಾನು ಕಂಡಿಲ್ಲ.

ಇಷ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಆ ಕಾರಿನಲ್ಲಿ ಒಂದು ಕಪ್ ಹೋಲ್ಡರ್ ಇತ್ತು.

ಡ್ಯಾಶ್‌ಬೋರ್ಡಿನಲ್ಲಿ ಬಿಸ್ಕತ್ತಿನಷ್ಟು ತೆಳ್ಳನೆಯ ಒಂದು ಪಟ್ಟಿ. ಬೆರಳಿಂದ ಒತ್ತಿದರೆ ಅದು ಹೊರಗೆ ಬರುತ್ತದೆ. ಬರುತ್ತ ಬರುತ್ತ ತಿರುಗುತ್ತದೆ. ತಿರುಗುತ್ತ ತೋಳು ಬಿಚ್ಚಿ, ಇನ್ನೊಂದು ತೋಳನ್ನು ಕೆಳಗಿಳಿಸಿ, ಬಳೆಯಂತೆ ದುಂಡಗೆ ನಿಲ್ಲುತ್ತದೆ. ಅವಸರವಿಲ್ಲ, ಕಿರುಗುಟ್ಟುವುದಿಲ್ಲ. ಹಿಂದಿನ ಸೀಟಿನಿಂದ ಅದನ್ನು ಮೊದಲ ಸಲ ನೋಡಿದಾಗ ನನ್ನ ಹೊಟ್ಟೆಯೊಳಗೆ ಕೆಂಡ ಹಾಕಿದ ಹಾಗಾಯಿತು. ಅದರ ಬಗ್ಗೆ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

“ಸುಗೋಯ್,” ಎಂದು ಜಪಾನಿಯಲ್ಲೇ ಬೆರಗಾದಳು ಮಗಳು. ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. “ಅಪ್ಪಾ, ಲುಕ್, ಇಟ್ಸ್ ಡಾನ್ಸಿಂಗ್.”

ಜ್ಯೂಸಿನ ಡಬ್ಬಿಯನ್ನು ಅದರಲ್ಲಿಟ್ಟಳು. ಮೊದಲ ತಿರುವಿಗೇ ಅರ್ಧ ಜ್ಯೂಸು ಅವಳ ಲಂಗದ ಮೇಲೆ ಚೆಲ್ಲಿತು. ನಾನು ಮಾಡಿದ್ದು ಹಾಗೆ ಚೆಲ್ಲಿದ್ದರೆ ಇಡೀ ವಿಭಾಗ ತಲೆಬಾಗಿ ಕ್ಷಮೆ ಕೇಳುತ್ತಿತ್ತು. ಇಲ್ಲಿ ಮಗಳೂ ಚಿಕ್ಕಪ್ಪನೂ ಬಿದ್ದು ಬಿದ್ದು ನಕ್ಕರು.

ಮನೆಗೆ ಬಂದ ಮೇಲೆ ನಾನು ಹೆಂಡತಿಗೆ ಆ ಹೋಲ್ಡರಿನ ದೋಷಗಳನ್ನು ವಿವರಿಸಿದೆ. ಹಿಡಿತ ಸಾಲದು, ಆಳ ಸಾಲದು, ಏರ್‌ಕಂಡಿಷನರಿನ ಗಾಳಿಗೆ ಅಡ್ಡ. ಅವಳು ಚಪಾತಿ ಲಟ್ಟಿಸುತ್ತಲೇ ಎಲ್ಲ ಕೇಳಿದಳು.

“ರೀ, ಇನ್ನೊಬ್ರ ಕಾರು ನೋಡಿ ಹೊಟ್ಟೆ ಉರ್ಕೊಂಡವ್ರನ್ನ ನೋಡಿದೀನಿ. ಕಾರಿನ್ ಲೋಟದ್ ಸ್ಟ್ಯಾಂಡ್ ನೋಡಿ ಉರ್ಕೊಂಡವ್ರನ್ನ ಇದೇ ಮೊದ್ಲು ನೋಡ್ತಿರೋದು.”

ಆ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಮನೆಯವರ ಕೆಲಸದ ಬಗ್ಗೆ ಚಿತ್ರ ಬರೆಯಲು ಹೇಳಿದ್ದರು. ನನ್ನ ಮಗಳು ಬರೆದದ್ದು ಸ್ವೀಡನ್ನಿನ ಕಾರು, ಎಡಗಡೆ ಚಿಕ್ಕಪ್ಪ, ಬಲಗಡೆ ತಾನು, ನಡುವೆ ಕಾರಿನಷ್ಟೇ ದೊಡ್ಡದಾಗಿ ತೆರೆದು ನಿಂತ ಆ ಹೋಲ್ಡರು. ನಾನು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಮ್ಮ ಬೀದಿಯಲ್ಲಿ ನಿಂತಿರುವ ಕಾರುಗಳಲ್ಲಿ ಎಷ್ಟೊಂದರಲ್ಲಿ ಅಪ್ಪ ಮಾಡಿದ್ದು ಇದೆ ಗೊತ್ತಾ ಎಂದೆ. ಅವಳು ಯೋಚಿಸಿದಳು. ಒಳ್ಳೆಯ ಹುಡುಗಿ, ನೋಯಿಸಬೇಕೆಂದು ಹೇಳುವವಳಲ್ಲ.

“ಬಟ್ ಅಪ್ಪಾ, ನಿಂದು ಬರೀ ಹೋಲ್ ಅಲ್ವಾ?”

ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ನಾನು ಗಾದೆಯಾಗಿ ಮಾತ್ರ ಕೇಳಿದ್ದೆ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಅದುವರೆಗೆ ಜಪಾನಿನಲ್ಲಿ ನಮ್ಮಿಬ್ಬರ ಮನೆಗಳಲ್ಲಿ ಆಯುಧವೆಂದರೆ ಲ್ಯಾಪ್‌ಟಾಪು, ಮಿಕ್ಸಿ ಮತ್ತು ನನ್ನ ಸೈಕಲ್ಲು. ಈ ಸಲ ಕಾರಿದೆ ಎಂದು ಓಜಿಮಾದ ನಾಲ್ಕಾರು ಕನ್ನಡದ ಸಂಸಾರಗಳು ಪಾರ್ಕಿಂಗ್ ಜಾಗದಲ್ಲಿ ಸೇರಿದವು. ನಾನೂ ಹಟಕ್ಕೆ ಬಿದ್ದು ನನ್ನ ಸೈಕಲ್ಲನ್ನು ಮಡಿಸಿ ಚೀಲಕ್ಕೆ ಹಾಕಿ ರೈಲಿನಲ್ಲಿ ಒಯ್ದೆ. ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಕಾರಿನ ಹಿಂದೆ ನಿಲ್ಲಿಸಿದೆ. ಕುಂಕುಮ ತುಂಬಿದ ಬೂದುಗುಂಬಳ ಒಡೆದರೆ ಯಾರಾದರೂ ಪೊಲೀಸರನ್ನು ಕರೆದಾರೆಂದು ನಾದಿನಿ ತೆಂಗಿನಕಾಯಿಗೆ ಮುಗಿಸಿದಳು. ಬಾನೆಟ್ಟಿನ ಮೇಲಿಟ್ಟ ಲ್ಯಾಪ್‌ಟಾಪಿನಲ್ಲಿ ನಮ್ಮ ಅತ್ತೆ ಮೈಸೂರಿನಿಂದ ವಿಡಿಯೋದಲ್ಲಿ ನಿರ್ದೇಶನ ಕೊಡುತ್ತಿದ್ದರು. ಕಾರಿನ ಕೀಯನ್ನು ತಟ್ಟೆಯಲ್ಲಿಟ್ಟು ಅದಕ್ಕೂ ಪೂಜೆಯಾಗಲಿ ಎಂದರು. ಷಡ್ಡಕ ಗೇರನ್ನು ರಿವರ್ಸಿಗೆ ಹಾಕಿ ಕೀ ತೆಗೆದು ತಟ್ಟೆಯಲ್ಲಿಟ್ಟ.

ಮಂಗಳಾರತಿಯಾಯಿತು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟೆವು. ನಾದಿನಿ ಲ್ಯಾಪ್‌ಟಾಪನ್ನು ಕೈಗೆ ತೆಗೆದುಕೊಂಡಳು. ಮಗಳು ಬಲಗಡೆ ಸೀಟಿನಲ್ಲಿ ಹೂವು ಮುಡಿದು ಕೂತಿದ್ದಳು. ಷಡ್ಡಕ ಕೀ ಹಾಕಿ ಕಾರು ಚಾಲೂ ಮಾಡಿ, ಎಲ್ಲರಿಗೂ ಕೈಮುಗಿದು, ಗೇರು ರಿವರ್ಸಿನಲ್ಲೇ ಇದೆ ಎನ್ನುವುದನ್ನು ಮರೆತು ಕ್ಲಚ್ಚು ಬಿಟ್ಟ. ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ನೆಗೆಯಿತು. ನಿಂಬೆಹಣ್ಣುಗಳು ಇದ್ದಲ್ಲೇ ಉಳಿದವು. ಕುಂಕುಮ ಹಚ್ಚಿಕೊಂಡು ಹಿಂದೆ ನಿಂತಿದ್ದ ನನ್ನ ಸೈಕಲ್ಲು ಕಾರಿನ ಕೆಳಗೆ ಸೇರಿತು.

“ಹಿಂದಕ್ಕೆ ಹೋಯ್ತಲ್ರೀ,” ಎಂದರು ಅತ್ತೆ ವಿಡಿಯೋದಲ್ಲಿ. “ಪೂಜೆ ಮಾಡಿದ ಗಾಡಿ ಹಿಂದಕ್ಕೆ ಹೋಗ್ಬಾರ್ದಪ್ಪ. ಶಕುನ ಸರಿಯಿಲ್ಲ.”

ಸೈಕಲ್ಲಿನ ಮುಂದಿನ ಚಕ್ರ ಹಪ್ಪಳದಂತಾಗಿತ್ತು. ಷಡ್ಡಕ ಇಳಿದು ಬಂದು, “ಸಾರಿ ಭಾವ, ಸಾರಿ,” ಎಂದು ನಿಜವಾಗಿಯೂ ಪೇಚಾಡಿದ. ಮಗಳು ಇಳಿದು ಓಡಿ ಬಂದಳು. ಬಂದವಳು ಕಾರಿನ ಹಿಂಭಾಗವನ್ನು ಕೈಯಿಂದ ಸವರಿ, ಗೀರು ಬಿದ್ದಿದೆಯೇ ಎಂದು ನೋಡಿದಳು.

ಡಿಸೆಂಬರಿನಲ್ಲಿ ಸ್ವೀಡನ್ನಿನ ಕಂಪನಿ ದಿವಾಳಿ ಎದ್ದಿತು. ಅತ್ತೆ ಫೋನು ಮಾಡಿ, ನಾನು ಅವತ್ತೇ ಹೇಳಲಿಲ್ಲವೇ ಎಂದರು. ಓಜಿಮಾದಲ್ಲಿ ಕಾರು ಹಿಂದಕ್ಕೆ ಹೋದದ್ದಕ್ಕೆ ಭೂಮಿಯ ಆ ತುದಿಯಲ್ಲಿ ಕಾರ್ಖಾನೆ ಮುಚ್ಚಿತು ಎಂದು ನಮ್ಮ ಮನೆಯಲ್ಲಿ ಈಗಲೂ ನಂಬಿಕೆ. ಸುದ್ದಿಯಲ್ಲಿ ಗೇಟಿನ ಹೊರಗೆ ಹಿಮದಲ್ಲಿ ನಿಂತಿದ್ದ ಕೆಲಸಗಾರರ ಚಿತ್ರ ನೋಡಿ ನನಗೆ ಪಾಪವೆನಿಸಿತು, ನಾನೂ ಅದೇ ಕಸುಬಿನವನಲ್ಲವೇ. ಆದರೆ ಅವತ್ತು ಸಂಜೆ ನಾನು ಕೊಂಬಿನಿಯಿಂದ ಸ್ಟ್ರಾಬೆರಿ ಕೇಕು ತಂದೆ. ಏನು ವಿಶೇಷ ಎಂದು ಹೆಂಡತಿ ಕೇಳಿದಳು. ಸುಮ್ಮನೆ ಎಂದೆ. ಅವಳು ನನ್ನ ಮುಖ ನೋಡಿ, ಫೋನಿನಲ್ಲಿದ್ದ ಸುದ್ದಿ ನೋಡಿ, ತನಗೆ ಕೇಕು ಬೇಡವೆಂದಳು.

ಇನ್ನು ಆ ಕಾರಿನ ಆಟ ಮುಗಿಯಿತು ಎಂದುಕೊಂಡಿದ್ದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುವುದನ್ನು ಮರೆತಿದ್ದೆ. ಕಂಪನಿ ಸತ್ತ ಮೇಲೆ ಜನ ಅದನ್ನು ಇನ್ನೂ ಹೆಚ್ಚು ನೋಡತೊಡಗಿದರು. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ನಿಲ್ಲಿಸಿದರೆ ವಯಸ್ಸಾದ ಗಂಡಸರು ಹತ್ತಿರ ಬಂದು, ಸುಮಿಮಾಸೆನ್, ಕ್ಷಮಿಸಿ, ಎಂದು ತಗ್ಗಿದ ದನಿಯಲ್ಲಿ ಕೇಳಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಷಡ್ಡಕ ಅವರಿಗೆಲ್ಲ ತಾನೇ ಸ್ವೀಡನ್ನಿನವನೆಂಬಂತೆ ತಲೆಬಾಗುತ್ತಿದ್ದ. ಮಗಳು ಒಳಗಿನಿಂದ ಹೋಲ್ಡರನ್ನು ತೆರೆದು ತೋರಿಸುತ್ತಿದ್ದಳು. ನಾನು ಹೆಂಡತಿಯ ಜೊತೆ ಬೆಂಚಿನ ಮೇಲೆ ಕೂತು ಉದೋನ್ ಶ್ಯಾವಿಗೆ ತಿನ್ನುತ್ತಿದ್ದೆ.

ಮಗಳಿಗೆ ಹನ್ನೊಂದಾದಾಗ ಆ ಹೋಲ್ಡರು ಕೆಟ್ಟಿತು. ಅರ್ಧ ಹೊರಬಂದು ಸಿಕ್ಕಿಕೊಂಡಿತು. ಗ್ಯಾರೇಜಿನವನು, ಇದಿಲ್ಲದೆಯೂ ಕಾರು ಓಡುತ್ತದೆ, ಸರ್ಕಾರಿ ತಪಾಸಣೆಯಲ್ಲೂ ಕೇಳುವುದಿಲ್ಲ, ಬಿಡಿ ಎಂದನಂತೆ. ಷಡ್ಡಕ ಬಿಟ್ಟ. ಮಗಳು ಬಿಡಲಿಲ್ಲ. ಗ್ಯಾರೇಜಿನವನ ಕೈಲಿ ಅದನ್ನು ಬಿಚ್ಚಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು, ಓಜಿಮಾದಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ನನ್ನ ಮುಂದೆ ಇಟ್ಟಳು. ಅವಳ ಕಣ್ಣು ಕೆಂಪಗಿತ್ತು. ದಾರಿಯಲ್ಲಿ ಅತ್ತಿದ್ದಾಳೆ ಎಂದು ಜೊತೆಗೆ ಬಂದ ಅವಳ ಅಮ್ಮ ಸನ್ನೆ ಮಾಡಿದಳು.

“ಅಪ್ಪಾ, ಯು ಕ್ಯಾನ್ ಫಿಕ್ಸ್ ಇಟ್, ರೈಟ್? ನಿಂಗೆ ಬರುತ್ತಲ್ಲಾ?”

ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಾಗದ ಹಾಸಿ ಅದನ್ನು ಬಿಚ್ಚಿದೆ. ಮಗಳು ಪಕ್ಕದಲ್ಲಿ ಮೊಣಕಾಲೂರಿ ಕೂತಳು. ನಾನಾಗಿದ್ದರೆ ಮೂರು ಸ್ಪ್ರಿಂಗು ಹಾಕುತ್ತಿದ್ದ ಕೆಲಸವನ್ನು ಅದನ್ನು ರೂಪಿಸಿದ ಮನುಷ್ಯ ಒಂದರಲ್ಲಿ ಮಾಡಿದ್ದ. ತೋಳು ಇಳಿಯುವ ವೇಗವನ್ನು ತಡೆಯಲು ಗ್ರೀಸು ತುಂಬಿದ ಪುಟ್ಟ ಹಲ್ಲುಚಕ್ರ. ಯಾರಿಗೂ ಕಾಣದ ಒಳಮೈಯನ್ನೂ ನಯಗೊಳಿಸಿದ್ದ. ಮುರಿದಿದ್ದದ್ದು ಅಕ್ಕಿಕಾಳಿನಷ್ಟು ಒಂದು ಮೊಳೆ. ಇದನ್ನು ಮಾಡಿದವನು ಹಿಮದಲ್ಲಿ ಗೇಟಿನ ಹೊರಗೆ ನಿಂತವರಲ್ಲಿ ಒಬ್ಬನಿರಬಹುದು. ಅವನಿಗೆ ಕೆಲಸ ಹೋಯಿತು, ಕಂಪನಿ ಹೋಯಿತು. ಆದರೂ ಅವನು ಮಾಡಿದ್ದು ಮುರಿದಾಗ ಇಲ್ಲಿ ಒಂದು ಮಗು ಅತ್ತಿತು. ನನ್ನದು ಮುರಿದರೆ ಯಾರೂ ಅಳುವುದಿಲ್ಲ, ದೂರು ಬರೆಯುತ್ತಾರೆ. ಅವತ್ತು ಷಡ್ಡಕನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಪೂರ್ತಿಯಾಗಿ ಆ ಕಾಣದ ಮನುಷ್ಯನ ಮೇಲೆ ಹೋಯಿತು.

ಮೊಳೆಯನ್ನು ಕೈಯಿಂದಲೇ ಅರದಿಂದ ಉಜ್ಜಿ ಮಾಡಿದೆ. ಬೇಗ ಮುಗಿಸಬಹುದಿತ್ತು, ಮುಗಿಸಲಿಲ್ಲ. ಮಗಳು ಚಿಮಟ ಕೊಡು ಎಂದರೆ ಚಿಮಟ, ಎಣ್ಣೆ ಕೊಡು ಎಂದರೆ ಎಣ್ಣೆ ಕೊಡುತ್ತಿದ್ದಳು. “ಹಾಯ್, ದೋಜೋ,” ಎಂದಳು ಒಂದು ಸಲ. ನಾನು ಅರಿಗಾತೋ ಎಂದೆ.

ಕೊನೆಯಲ್ಲಿ ನನ್ನೊಳಗಿನ ಕಸುಬುದಾರ ಸುಮ್ಮನಿರಲಾರದೆ, “ಒಳಗಡೆ ಸಣ್ಣ ರಬ್ಬರ್ ಪಟ್ಟಿ ಅಂಟಿಸ್ತೀನಿ ಕಣೆ. ಚೆಲ್ಲೋದು ನಿಲ್ಲತ್ತೆ,” ಎಂದೆ.

ಅವಳು ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡಳು. “ಬೇಡ ಅಪ್ಪಾ. ಡೋಂಟ್ ಚೇಂಜ್ ಇಟ್. ಅದು ಚೆಲ್ಲಬೇಕು.”

ನಾನು ಸರಿಮಾಡಿದ ಹೋಲ್ಡರು ಮೊದಲಿನಂತೆಯೇ ಕುಣಿಯಿತು, ಮೊದಲಿನಂತೆಯೇ ಚೆಲ್ಲಿತು. ಕೆಲವು ವರ್ಷಗಳ ಮೇಲೆ ಷಡ್ಡಕನಿಗೆ ಬೆಂಗಳೂರಿಗೆ ವಾಪಸು ವರ್ಗವಾಯಿತು. ಯೊಕೊಹಾಮಾದ ಒಬ್ಬ ಹಲ್ಲಿನ ಡಾಕ್ಟರು ಕಾರನ್ನು ಕೊಂಡರು. ಅವರ ಬಳಿ ಆಗಲೇ ಅಂಥವು ಇನ್ನೂ ಇದ್ದವಂತೆ. ಕಾರು ಓಜಿಮಾದ ತಿರುವು ದಾಟುವ ತನಕ ಮಗಳು ನಿಂತು ನೋಡಿ, ಚಿಕ್ಕಪ್ಪನ ತೋಳಿಗೆ ಮುಖವಿಟ್ಟು ಬಿಕ್ಕಿದಳು. ಮುಂದೆ ಅವಳು ಓದಲೆಂದು ಹಿರೋಷಿಮಾಕ್ಕೆ ಹೊರಟಾಗ ಶಿನ್‌ಕಾನ್ಸೆನ್ ರೈಲಿನ ಕಿಟಕಿಯಿಂದ ನಮಗೆ ನಗುನಗುತ್ತ ಕೈಬೀಸಿದಳು. ಅದನ್ನೂ ನಾನು ಲೆಕ್ಕಕ್ಕಿಟ್ಟಿದ್ದೇನೆ.

ಮೊನ್ನೆಯ ಶರತ್ಕಾಲದಲ್ಲಿ ಅವಳನ್ನು ನೋಡಲು ಹಿರೋಷಿಮಾಕ್ಕೆ ಒಬ್ಬನೇ ಹೋಗಿದ್ದೆ. ಬೆಟ್ಟದ ಕಡೆ ಹೋಗಿಬರೋಣವೆಂದು ಬಾಡಿಗೆಗೆ ಒಂದು ಕಾರು ತೆಗೆದುಕೊಂಡೆವು. ಬಾಗಿಲು ತೆಗೆದು ಕೂತೊಡನೆ ನೋಡಿದೆ: ಸೀಟುಗಳ ನಡುವೆ ಇದ್ದದ್ದು ನನ್ನದೇ ಗುಳಿ. ಅದರ ಅಂಚಿನ ಇಳಿಜಾರಿಗಾಗಿ ನಾನು ಒಂದು ಇಡೀ ಚಳಿಗಾಲ ಬಡಿದಾಡಿದ್ದೆ. ಅವಳಾಗಿಯೇ ನೋಡಲಿ ಎಂದು ಬಿಟ್ಟೆ.

ಕೊಂಬಿನಿಯಿಂದ ಅವಳು ಮುಚ್ಚಳವಿಲ್ಲದೆ ಚಹಾ ತಂದಳು, ಕಪ್ಪಿನ ಅಂಚಿನವರೆಗೆ ತುಂಬಿತ್ತು. ಮಾತಾಡುತ್ತಲೇ, ನೋಡದೆಯೇ, ಕೈಯಳತೆಯಲ್ಲಿ ಅದನ್ನು ಗುಳಿಯೊಳಗಿಟ್ಟಳು. ಪಾರ್ಕಿಂಗಿನ ಗೇಟಿನಲ್ಲಿ ಹಳೆಯ ಅಭ್ಯಾಸಕ್ಕೆ ಅವಳ ಕೈ ಕಿಟಕಿಯ ಗುಂಡಿಗೆ ಹೋಯಿತು. ಯಂತ್ರ ನನ್ನ ಕಡೆಗಿತ್ತು. ಚೀಟಿ ನಾನೇ ಕಿತ್ತೆ.

“ನಂಗೆ ಕೆಲ್ಸಾನೇ ಇಲ್ಲ ಈ ಕಾರಲ್ಲಿ,” ಎಂದು ನಕ್ಕಳು. ಅಲ್ಲಿಂದ ಶುರುವಾಯಿತು ಸ್ವೀಡನ್ ಕಾರಿನ ಪುರಾಣ. ವಿಶ್ವವಿದ್ಯಾಲಯದ ಸಂದರ್ಶನದಲ್ಲಿ ಡಿಸೈನ್ ಯಾಕೆ ಓದಬೇಕು ಎಂದು ಕೇಳಿದಾಗ ಆ ಕಪ್ ಹೋಲ್ಡರಿನ ಬಗ್ಗೆಯೇ ಹೇಳಿದೆ ಎಂದಳು. ಅದು ನನಗೆ ಹೊಸ ಸುದ್ದಿ.

“ರಿಪೇರಿ ಮಾಡಿದ್ದು ಯಾರು ಅಂತ ಹೇಳಿದ್ಯಾ?” ಎಂದೆ, ಆದಷ್ಟು ಹಗುರವಾಗಿ.

“ಅದು ಅವ್ರು ಕೇಳ್ಲಿಲ್ಲ ಅಪ್ಪಾ.”

ಬೆಟ್ಟದ ದಾರಿ ಸುತ್ತಿ ಸುತ್ತಿ ಏರುತ್ತಿತ್ತು. ಅವಳು ಆ ತೋಳು ಹೇಗೆ ಇಳಿಯುತ್ತಿತ್ತೆಂದು ತನ್ನ ಕೈ ಬಿಚ್ಚಿ ತೋರಿಸುತ್ತಿದ್ದಳು. ನಡುನಡುವೆ ಚಹಾ ಎತ್ತಿ ಕುಡಿದು, ನೋಡದೆಯೇ ಮತ್ತೆ ಅದೇ ಜಾಗಕ್ಕೆ ಇಡುತ್ತಿದ್ದಳು. ನಮ್ಮ ಮುಖ್ಯಸ್ಥರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಚೆಲ್ಲಿದರೆ ಅವಳು ಕೆಳಗೆ ನೋಡುತ್ತಾಳೆ. ಮುಂದೆ ಎಡಕ್ಕೆ ದೊಡ್ಡ ತಿರುವು ಬಂತು. ನಾನು ಬ್ರೇಕ್ ಒತ್ತಬೇಕಿದ್ದ ಕಡೆ ಒತ್ತಲಿಲ್ಲ.

“ಅಪ್ಪಾ, ಮೆಲ್ಲಗೆ,” ಎಂದು ಅವಳು ನನ್ನ ಭುಜ ಹಿಡಿದುಕೊಂಡಳು.

ಕಾರು ತಿರುವು ದಾಟಿ ನೆಟ್ಟಗಾಯಿತು. ಅವಳು ಭುಜ ಬಿಟ್ಟು, ಎಲ್ಲಿ ನಿಲ್ಲಿಸಿದ್ದೆ ಎಂದು ಜ್ಞಾಪಿಸಿಕೊಂಡು, ಸ್ವೀಡನ್ನಿನ ಕತೆ ಮುಂದುವರಿಸಿದಳು. ನಾನು ಓರೆಗಣ್ಣಿನಿಂದ ಕೆಳಗೆ ನೋಡಿದೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ.